ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆಯ ಯೋಜನೆ: ಮೊದಲ ಭೇಟಿಯಿಂದ ಕೊನೆಯ ಫೋಟೊದವರೆಗೆ

ರೈನೋಪ್ಲಾಸ್ಟಿ ಎಂದು ವೈದ್ಯರು ಕರೆಯುವ, ಮೂಗಿನ ಆಕಾರ ತಿದ್ದುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ಆದರೆ ಆ ಗಂಟೆಗಳಲ್ಲಿ ಏನನ್ನು ತೆಗೆಯಬೇಕು, ಏನನ್ನು ಸೇರಿಸಬೇಕು, ಮುಖ್ಯವಾಗಿ ಏನನ್ನು ಮುಟ್ಟದೆ ಬಿಡಬೇಕು ಎಂಬ ತೀರ್ಮಾನಗಳು ಅದಕ್ಕೆ ವಾರಗಳ ಮೊದಲೇ ವೈದ್ಯರ ಕೊಠಡಿಯಲ್ಲಿ ಆಗಿರಬೇಕು. ಒಂದೊಂದು ಮಿಲಿಮೀಟರಿನ ವ್ಯತ್ಯಾಸವೂ ಎದ್ದು ಕಾಣುವ ಈ ಅಂಗದಲ್ಲಿ, ಹೆಚ್ಚಾಗಿ ತೆಗೆದುಬಿಟ್ಟ ಮೃದ್ವಸ್ಥಿಯನ್ನು, ಅಂದರೆ ಎಲುಬಿಗಿಂತ ಮೆತ್ತಗಿದ್ದು ಬಾಗುವ ಕಾರ್ಟಿಲೇಜನ್ನು, ಮತ್ತೆ ತುಂಬಿಕೊಡುವುದು ಬಹಳ ಕಷ್ಟದ ಕೆಲಸ. ಆದ್ದರಿಂದ ಒಳ್ಳೆಯ ಶಸ್ತ್ರವೈದ್ಯರ ಯೋಜನೆ ಉಳಿಸಿಕೊಳ್ಳಬೇಕಾದದ್ದರ ಲೆಕ್ಕದಿಂದಲೇ ಆರಂಭವಾಗುತ್ತದೆ. ಆ ಯೋಜನೆ ಹೇಗೆ ರೂಪುಗೊಳ್ಳುತ್ತದೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಿದ್ದೇನೆ. ಈ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಿರುವವರು ತಮ್ಮ ವೈದ್ಯರು ಯಾವ ಹಂತದಲ್ಲಿ ಏನನ್ನು ಪರೀಕ್ಷಿಸುತ್ತಿದ್ದಾರೆ, ಯಾವ ಹಂತವನ್ನು ಬಿಟ್ಟುಬಿಟ್ಟಿದ್ದಾರೆ ಎಂಬುದನ್ನು ಗುರುತಿಸಲು ಇದು ನೆರವಾಗಬೇಕೆಂಬುದು ನನ್ನ ಆಶಯ.

ಮೊದಲು ಅಳತೆ, ಆಮೇಲೆ ಕತ್ತಿ ಎಂಬ ಕ್ರಮ ನಮ್ಮ ನೆಲದಲ್ಲಿ ಬಹಳ ಹಳೆಯದು. ಕತ್ತರಿಸಿಹೋದ ಮೂಗಿನ ಅಳತೆಗೆ ಸರಿಹೊಂದುವ ಎಲೆಯೊಂದನ್ನು ತೆಗೆದುಕೊಂಡು, ಅದೇ ಅಳತೆಯ ಚರ್ಮವನ್ನು ಕೆನ್ನೆಯಿಂದ ಬಿಡಿಸಿ ಮೂಗಿಗೆ ಜೋಡಿಸಬೇಕೆಂದೂ, ಉಸಿರಿನ ದಾರಿಗಾಗಿ ಎರಡು ನಳಿಕೆಗಳನ್ನು ಒಳಗಿಡಬೇಕೆಂದೂ ಸುಶ್ರುತ ಸಂಹಿತೆ ಹೇಳುತ್ತದೆ. ಅಳತೆ ಮತ್ತು ಉಸಿರು ಎರಡೂ ಆ ಒಂದೇ ವಿಧಿಯಲ್ಲಿ ಸೇರಿರುವುದನ್ನು ಗಮನಿಸಬೇಕು. ಆಧುನಿಕ ರೈನೋಪ್ಲಾಸ್ಟಿಯ ಚರಿತ್ರೆಗೆ ಶ್ರೀರಂಗಪಟ್ಟಣದ ನಂಟೂ ಇದೆ. 1792ರ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಎತ್ತಿನ ಬಂಡಿ ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೇನೆಗೆ ಸೆರೆಸಿಕ್ಕು ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷದ ಅನಂತರ ಪುಣೆಯ ಬಳಿ ಇಟ್ಟಿಗೆ ಮಾಡುವ ಸಮುದಾಯದ ಒಬ್ಬ ಕುಶಲಿ ಅವನಿಗೆ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ತೆಳುವಾದ ಮೇಣದ ಹಾಳೆಯನ್ನು ಮೊದಲು ಮೂಗಿನ ಜಾಗಕ್ಕೆ ಹೊಂದಿಸಿ, ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು, ಅದರ ಸುತ್ತ ಗೆರೆ ಎಳೆದು, ಆ ಗೆರೆಯಷ್ಟೇ ಚರ್ಮವನ್ನು ಬಿಡಿಸಿದ ವಿವರ 1794ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್‌ನಲ್ಲಿ ಪ್ರಕಟವಾಯಿತು. ಅದನ್ನು ಓದಿ ಅಭ್ಯಾಸ ಮಾಡಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನವನ್ನು ಕೈಗೊಂಡರು. ಹೆಸರು ದಾಖಲಾಗದ ಆ ಕುಶಲಿಯ ಮೇಣದ ಹಾಳೆ ಇಂದಿನ ಯೋಜನಾ ಪತ್ರದ ನೇರ ಪೂರ್ವಜ ಎಂದರೆ ತಪ್ಪಾಗಲಾರದು.

ಹಂತ 1: ದೂರನ್ನು ಕೇಳಿಸಿಕೊಳ್ಳುವುದು

ಮೊದಲ ಭೇಟಿಯಲ್ಲಿ ವೈದ್ಯರು ಮೂಗನ್ನು ನೋಡುವುದಕ್ಕಿಂತ ಹೆಚ್ಚು ಹೊತ್ತು ಮಾತು ಕೇಳಬೇಕು. "ಮೂಗು ಚೆನ್ನಾಗಿಲ್ಲ" ಎಂಬ ಮಾತಿನಿಂದ ಯಾವ ಯೋಜನೆಯೂ ಹುಟ್ಟುವುದಿಲ್ಲ. ಪಕ್ಕದಿಂದ ನೋಡಿದಾಗ ಕಾಣುವ ಉಬ್ಬು, ನಗುವಾಗ ಕೆಳಗೆ ಬಾಗುವ ತುದಿ, ಎದುರಿನಿಂದ ಕಾಣುವ ಸೊಟ್ಟತನ, ಅಗಲವಾದ ಹೊಳ್ಳೆಗಳು, ಇವುಗಳಲ್ಲಿ ಯಾವುದು ಎಂದು ನಿರ್ದಿಷ್ಟವಾಗಿ ತಿಳಿಯಬೇಕು. ಅನುಭವಿ ವೈದ್ಯರು ಕೈಗೆ ಕನ್ನಡಿ ಕೊಟ್ಟು, ನಿಮಗೆ ಬೇಡವೆನಿಸಿದ ಮೂರು ಸಂಗತಿಗಳನ್ನು ಪ್ರಾಮುಖ್ಯದ ಕ್ರಮದಲ್ಲಿ ಹೇಳಿ ಎಂದು ಕೇಳುತ್ತಾರೆ. ಆ ಪಟ್ಟಿಯನ್ನು ರೋಗಿಯ ಮಾತುಗಳಲ್ಲಿಯೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ವೈದ್ಯರ ಕಣ್ಣಿಗೆ ದೊಡ್ಡ ದೋಷವಾಗಿ ಕಂಡದ್ದು ರೋಗಿಗೆ ತೊಂದರೆಯೇ ಆಗಿರದಿರಬಹುದು. ಅದನ್ನು ಕೇಳದೆ ತಿದ್ದಿದರೆ ಚೆನ್ನಾಗಿ ಮಾಡಿದ ಕೆಲಸವೂ ಅತೃಪ್ತಿಯಲ್ಲಿ ಕೊನೆಗೊಳ್ಳುತ್ತದೆ.

ಬಯಕೆ ಯಾರದು ಎಂಬ ಪ್ರಶ್ನೆಯನ್ನೂ ಇಲ್ಲಿಯೇ ಕೇಳಬೇಕು. ಮದುವೆಯ ಮಾತುಕತೆ ನಡೆಯುತ್ತಿರುವ ಹುಡುಗಿಯನ್ನು ಮನೆಯವರು ಕರೆತಂದಿದ್ದರೆ, ವೈದ್ಯರು ಆಕೆಯೊಡನೆ ಪ್ರತ್ಯೇಕವಾಗಿ ಮಾತನಾಡುವುದು ಅಗತ್ಯ. ಬೇರೆಯವರ ಒತ್ತಾಯಕ್ಕೆ ಮಾಡಿಸಿಕೊಂಡ ಶಸ್ತ್ರಚಿಕಿತ್ಸೆಯ ನೋವು, ಊತ, ಕಾಯುವಿಕೆ ಎಲ್ಲವನ್ನೂ ಅನುಭವಿಸುವವಳು ಆಕೆಯೇ. ಮುಖದ ಸಣ್ಣ ದೋಷವೊಂದನ್ನೇ ದಿನದಲ್ಲಿ ಗಂಟೆಗಟ್ಟಲೆ ಚಿಂತಿಸುತ್ತ, ಕನ್ನಡಿಯನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತ, ಜನರ ನಡುವೆ ಹೋಗುವುದನ್ನೇ ಬಿಟ್ಟವರಲ್ಲಿ ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಎಂಬ ಮಾನಸಿಕ ತೊಂದರೆ ಇರಬಹುದು. ಮೂಗಿನ ಶಸ್ತ್ರಚಿಕಿತ್ಸೆ ಬಯಸಿ ಬರುವವರಲ್ಲಿ ಇದು ಸಾಮಾನ್ಯ ಜನರಲ್ಲಿರುವುದಕ್ಕಿಂತ ಹೆಚ್ಚಾಗಿ ಕಂಡುಬರುತ್ತದೆ. ಅಂಥವರಿಗೆ ಕತ್ತಿಯಿಂದ ಸಮಾಧಾನ ಸಿಗುವುದಿಲ್ಲ. ಮನೋವೈದ್ಯರ ನೆರವು ಬೇಕು. ಇಂಥ ಸಂದರ್ಭದಲ್ಲಿ ಶಸ್ತ್ರಚಿಕಿತ್ಸೆ ಬೇಡವೆಂದು ಹೇಳಬಲ್ಲ ವೈದ್ಯರನ್ನು ನಾನು ಹೆಚ್ಚು ಗೌರವಿಸುತ್ತೇನೆ.

ವಯಸ್ಸಿನ ಲೆಕ್ಕವೂ ಇದೆ. ಮುಖದ ಬೆಳವಣಿಗೆ ಮುಗಿಯುವವರೆಗೆ, ಅಂದರೆ ಹುಡುಗಿಯರಲ್ಲಿ ಸುಮಾರು 15–16, ಹುಡುಗರಲ್ಲಿ ಸುಮಾರು 17 ವರ್ಷದವರೆಗೆ, ಸೌಂದರ್ಯದ ಕಾರಣಕ್ಕಾಗಿ ಮೂಗನ್ನು ಮುಟ್ಟುವುದಿಲ್ಲ. ನನ್ನ ದೃಷ್ಟಿಯಲ್ಲಿ, ಸ್ವಂತ ಒಪ್ಪಿಗೆ ಕೊಡಬಲ್ಲ 18 ವರ್ಷದವರೆಗೆ ಕಾಯುವುದರಿಂದ ನಷ್ಟವೇನೂ ಇಲ್ಲ.

ಹಂತ 2: ಉಸಿರಾಟದ ಪರೀಕ್ಷೆ

ಹೊರಗಿನ ಆಕಾರದ ಮಾತಿಗೆ ಮುನ್ನ ಮೂಗಿನ ಒಳಗನ್ನು ನೋಡಬೇಕು. ಎರಡು ಹೊಳ್ಳೆಗಳ ನಡುವಿನ ಗೋಡೆ, ಅಂದರೆ ಸೆಪ್ಟಂ, ಒಂದು ಕಡೆಗೆ ಬಾಗಿದೆಯೇ, ಪಕ್ಕದ ಗೋಡೆಗಳಿಂದ ಒಳಕ್ಕೆ ಚಾಚಿರುವ ಮಡಿಕೆಗಳಾದ ಟರ್ಬಿನೇಟ್‌ಗಳು ಊದಿಕೊಂಡಿವೆಯೇ, ಒಳಗೆ ಪಾಲಿಪ್, ಅಂದರೆ ಒಳಪೊರೆಯ ಮೆತ್ತನೆಯ ಗಡ್ಡೆ, ಇದೆಯೇ ಎಂಬುದನ್ನು ಎಂಡೋಸ್ಕೋಪಿನಿಂದ ಪರೀಕ್ಷಿಸುತ್ತಾರೆ. ಮೂಗಿನ ಊತ ಇಳಿಸುವ ಸ್ಪ್ರೇ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಇನ್ನೊಮ್ಮೆ ನೋಡಿದರೆ, ಕಟ್ಟಿಕೊಳ್ಳುವಿಕೆಗೆ ಒಳಪೊರೆಯ ಊತ ಕಾರಣವೋ ಗೋಡೆಯ ಬಾಗು ಕಾರಣವೋ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಗಾಳಿಗೆ ಹೆಚ್ಚಿನ ತಡೆ ಇರುವುದು ಮೂಗಿನ ಒಳಕವಾಟ ಎಂಬ ಕಿರಿದಾದ ಜಾಗದಲ್ಲಿ. ನಡುಗೋಡೆಗೂ ಮೇಲಿನ ಪಕ್ಕದ ಮೃದ್ವಸ್ಥಿಗೂ ನಡುವೆ ಇಲ್ಲಿರುವ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಮಾತ್ರ. ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಉಸಿರು ಸರಾಗವಾಗುತ್ತದೆಯೇ ಎಂದು ಕೇಳುವ ಕಾಟಲ್ ಪರೀಕ್ಷೆ ಈ ಜಾಗಕ್ಕೆ ಸಂಬಂಧಿಸಿದ್ದು. ತೆಳುವಾದ ಉಪಕರಣವೊಂದನ್ನು ಹೊಳ್ಳೆಯೊಳಗಿಟ್ಟು ಆ ಮೃದ್ವಸ್ಥಿಯನ್ನು ನವಿರಾಗಿ ಎತ್ತಿ ನೋಡಿದರೆ ಇನ್ನಷ್ಟು ಖಚಿತ ಉತ್ತರ ಸಿಗುತ್ತದೆ. ಮೂಗಿನ ಏಣಿನ, ಅಂದರೆ ಬುಡದಿಂದ ತುದಿಯವರೆಗಿನ ಎತ್ತರದ ಅಂಚಿನ, ಮೇಲಿನ ಉಬ್ಬನ್ನು ತೆಗೆಯುವಾಗ ಈ ಮೃದ್ವಸ್ಥಿಗಳು ನಡುಗೋಡೆಯಿಂದ ಬೇರ್ಪಟ್ಟು ಒಳಕ್ಕೆ ಕುಸಿಯಬಹುದು. ಆಗ ಚೆಂದದ ಮೂಗು ಸಿಕ್ಕರೂ ಉಸಿರು ಕಟ್ಟುತ್ತದೆ; ವರ್ಷಗಳ ಅನಂತರ ಏಣಿನ ನಡುಭಾಗ ಚಿವುಟಿದಂತೆ ಕಾಣತೊಡಗುತ್ತದೆ. ಇದನ್ನು ತಪ್ಪಿಸಲು ಮೃದ್ವಸ್ಥಿಯ ತೆಳು ಪಟ್ಟಿಗಳನ್ನು ನಡುಗೋಡೆಯ ಎರಡೂ ಬದಿಗೆ ಆನಿಸಿ ಕೂರಿಸುವ ಸ್ಪ್ರೆಡರ್ ಗ್ರಾಫ್ಟ್ ವಿಧಾನವನ್ನು ಅಮೆರಿಕದ ಜ್ಯಾಕ್ ಶೀನ್ 1984ರಲ್ಲಿ ವಿವರಿಸಿದರು. ಉಬ್ಬು ತೆಗೆಸಿಕೊಳ್ಳಲು ಹೊರಟವರು ತಮ್ಮ ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆ ಇದು: ಉಬ್ಬು ಹೋದ ಮೇಲೆ ಒಳಕವಾಟವನ್ನು ಯಾವ ವಿಧಾನದಿಂದ ಕಾಪಾಡುತ್ತೀರಿ?

ಉಸಿರಾಟದ ತೊಂದರೆಯನ್ನು ಅಂಕಿಗಳಲ್ಲಿ ಅಳೆಯಲು ನೋಸ್ ಎಂಬ ಐದು ಪ್ರಶ್ನೆಗಳ ಮಾಪನವಿದೆ. ಸೊನ್ನೆಯಿಂದ 100ರವರೆಗಿನ ಅಂಕವನ್ನು ಶಸ್ತ್ರಚಿಕಿತ್ಸೆಗೆ ಮೊದಲೂ ಆಮೇಲೂ ಹೋಲಿಸಬಹುದು. ಸೈನಸ್ ಸೋಂಕು, ಹಳೆಯ ಪೆಟ್ಟು ಅಥವಾ ಹಿಂದಿನ ಶಸ್ತ್ರಚಿಕಿತ್ಸೆಯ ಚರಿತ್ರೆ ಇದ್ದರೆ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ. ನಮ್ಮಲ್ಲಿ ಧೂಳು, ಕಾಂಗ್ರೆಸ್ ಗಿಡದ ಪರಾಗ ಮುಂತಾದವುಗಳಿಂದ ಬರುವ ಅಲರ್ಜಿಯ ನೆಗಡಿ ವ್ಯಾಪಕವಾಗಿರುವುದರಿಂದ, ಮೊದಲು ಅದಕ್ಕೆ ಔಷಧಿ ಕೊಟ್ಟು ಹತೋಟಿಗೆ ತಂದ ಮೇಲೆಯೇ ಉಳಿದ ತೊಂದರೆ ಎಷ್ಟೆಂದು ಅಳೆಯುವುದು ನ್ಯಾಯ. ಆಕಾರ ತಿದ್ದಿದರೆ ಸೀನು ನಿಲ್ಲುವುದಿಲ್ಲ.

ಹಂತ 3: ಬೆರಳಿನಿಂದ ಓದುವುದು

ಫೋಟೊದಲ್ಲಿ ಕಾಣದ ಎರಡು ಸಂಗತಿಗಳು, ಅಂದರೆ ಚರ್ಮದ ದಪ್ಪ ಮತ್ತು ತುದಿಯ ಬಲ, ಮುಟ್ಟಿ ನೋಡಿದಾಗ ಮಾತ್ರ ತಿಳಿಯುತ್ತವೆ. ಮೂಗಿನ ಬುಡದಲ್ಲಿ, ಹುಬ್ಬುಗಳ ನಡುವೆ, ಚರ್ಮ ದಪ್ಪ; ಎಲುಬು ಮುಗಿದು ಮೃದ್ವಸ್ಥಿ ಆರಂಭವಾಗುವಲ್ಲಿ ಅತ್ಯಂತ ತೆಳು; ತುದಿಯ ಕಡೆಗೆ ಮತ್ತೆ ದಪ್ಪ. ಆದ್ದರಿಂದ ಹೊರಗೆ ನೇರವಾಗಿ ಕಾಣುವ ಮೂಗಿನ ಒಳಗಿನ ಚೌಕಟ್ಟು ನೇರವಾಗಿರುವುದಿಲ್ಲ. ಚರ್ಮ ತೆಳುವಾದ ಜಾಗದಲ್ಲಿ ಅದು ಸ್ವಲ್ಪ ಉಬ್ಬಿರಬೇಕು. ಈ ಲೆಕ್ಕವನ್ನು ಮರೆತು ಚೌಕಟ್ಟನ್ನೇ ಗೆರೆ ಎಳೆದಂತೆ ನೇರ ಮಾಡಿದರೆ ಹೊರಗೆ ತಗ್ಗು ಕಾಣುತ್ತದೆ.

ದಕ್ಷಿಣ ಭಾರತದ ಬಹಳಷ್ಟು ಜನರಲ್ಲಿ ತುದಿಯ ಚರ್ಮ ದಪ್ಪವಾಗಿ, ಎಣ್ಣೆ ಗ್ರಂಥಿಗಳಿಂದ ತುಂಬಿರುತ್ತದೆ. ಕಂಬಳಿ ಹೊದ್ದವನ ಮೈಕಟ್ಟು ಹೊರಗೆ ಕಾಣದ ಹಾಗೆ, ಇಂಥ ಚರ್ಮದ ಅಡಿಯಲ್ಲಿ ಮೃದ್ವಸ್ಥಿಯನ್ನು ಎಷ್ಟು ನಯವಾಗಿ ಕೆತ್ತಿದರೂ ಆ ಕೆತ್ತನೆ ಮೇಲೆ ಮೂಡುವುದಿಲ್ಲ. ಇನ್ನೂ ಕೆತ್ತುತ್ತ ಹೋದರೆ ಆಧಾರ ಕಳೆದುಕೊಂಡ ಚರ್ಮ ಮುದುಡಿ ಗಡ್ಡೆಯಂತಾಗುತ್ತದೆ. ದಪ್ಪ ಚರ್ಮಕ್ಕೆ ಬೇಕಾದದ್ದು ಗಟ್ಟಿಯಾದ ಒಳ ಆಧಾರ. ಆ ಆಧಾರವೇ ಚರ್ಮವನ್ನು ಮುಂದಕ್ಕೆ ತಳ್ಳಿ ತುದಿಗೆ ರೂಪ ಕೊಡುತ್ತದೆ. ಇದಕ್ಕೆ ವಿರುದ್ಧವಾಗಿ, ಚರ್ಮ ತೆಳುವಾಗಿದ್ದವರಲ್ಲಿ ಅರ್ಧ ಮಿಲಿಮೀಟರಿನ ಅಂಚೂ ತಿಂಗಳುಗಳ ಮೇಲೆ ಎದ್ದು ಕಾಣುವುದರಿಂದ, ಪ್ರತಿ ಅಂಚನ್ನೂ ಮೃದುವಾದ ಅಂಗಾಂಶದಿಂದ ಮುಚ್ಚುವ ಯೋಜನೆ ಮೊದಲೇ ಆಗಿರಬೇಕು.

ತುದಿಯನ್ನು ಬೆರಳಿನಿಂದ ಮೇಲ್ದುಟಿಯ ಕಡೆಗೆ ಒತ್ತಿ ಬಿಟ್ಟಾಗ ಅದು ತಟ್ಟನೆ ಮರಳಿದರೆ ಮೃದ್ವಸ್ಥಿಗಳು ಬಲವಾಗಿವೆ ಎಂದರ್ಥ. ಮೆತ್ತಗೆ, ತಡವಾಗಿ ಮರಳಿದರೆ ಅಲ್ಲಿ ಆಧಾರ ಸೇರಿಸಬೇಕು. ನಡುಗೋಡೆಯಲ್ಲಿ ಮೃದ್ವಸ್ಥಿ ಎಷ್ಟು ಉಳಿದಿದೆ ಎಂಬುದನ್ನೂ ಒತ್ತಿ ನೋಡುತ್ತಾರೆ. ಹಿಂದೆ ಸೆಪ್ಟಂ ಶಸ್ತ್ರಚಿಕಿತ್ಸೆ ಆಗಿದ್ದವರಲ್ಲಿ ಅದು ಖಾಲಿಯಾಗಿರುವ ಸಾಧ್ಯತೆ ಇದೆ. ಆಗ ಕಿವಿಯಿಂದಲೋ ಪಕ್ಕೆಲುಬಿನಿಂದಲೋ ಮೃದ್ವಸ್ಥಿ ತೆಗೆಯಬೇಕಾಗುತ್ತದೆ. ಮೂಗು ಚುಚ್ಚಿಸಿಕೊಂಡ ಜಾಗವನ್ನೂ ನೋಡಬೇಕು. ಮೂಗುಬಟ್ಟಿನ ತೂತಿನ ಸುತ್ತ, ಕಿವಿಯೋಲೆಯ ಜಾಗದಲ್ಲಿ ಅಥವಾ ಹಳೆಯ ಗಾಯದಲ್ಲಿ ಗಂಟುಗಟ್ಟಿದ ಕಲೆ, ಅಂದರೆ ಕೀಲಾಯ್ಡ್, ಇದ್ದರೆ ಹೊರಚರ್ಮದ ಮೇಲಿನ ಗಾಯಗಳನ್ನು ಆದಷ್ಟು ಕಡಿಮೆ ಮಾಡುವಂತೆ ಯೋಜನೆ ಬದಲಾಗಬೇಕು.

ಹಂತ 4: ಫೋಟೊಗಳು

ಎದುರಿನಿಂದ ಒಂದು, ಎರಡೂ ಪಕ್ಕಗಳಿಂದ, ಎರಡೂ ಮುಕ್ಕಾಲು ಕೋನಗಳಿಂದ, ತಲೆ ಹಿಂದಕ್ಕೆ ಬಾಗಿಸಿ ಕೆಳಗಿನಿಂದ, ನಗುತ್ತಿರುವಾಗ ಪಕ್ಕದಿಂದ, ಹೀಗೆ ಕನಿಷ್ಠ ಏಳು ಫೋಟೊಗಳು ಬೇಕು. ಪಕ್ಕದ ಫೋಟೊದಲ್ಲಿ ಕಿವಿಯ ರಂಧ್ರದ ಮೇಲಂಚನ್ನೂ ಕಣ್ಣಿನ ಗುಳಿಯ ಕೆಳಗಿನ ಅಂಚನ್ನೂ ಸೇರಿಸುವ ಗೆರೆ ನೆಲಕ್ಕೆ ಸಮಾನಾಂತರವಾಗಿರಬೇಕು. ಗದ್ದ ಸ್ವಲ್ಪ ಎತ್ತಿದರೂ ಮೂಗಿನ ತುದಿ ಮೇಲೆದ್ದಂತೆ ಕಾಣುವುದರಿಂದ ಈ ಶಿಸ್ತು ಇಲ್ಲದ ಫೋಟೊಗಳನ್ನು ಮುಂದೆ ಹೋಲಿಸಲಾಗದು. ಲೆನ್ಸ್ 85ರಿಂದ 105 ಮಿಲಿಮೀಟರ್ ನಡುವೆ ಇದ್ದರೆ ಮುಖದ ಅಳತೆಗಳು ಹಿಗ್ಗದೆ ಕುಗ್ಗದೆ ಬರುತ್ತವೆ.

ಸೆಲ್ಫಿಯನ್ನು ತೋರಿಸಿ "ನನ್ನ ಮೂಗು ಇಷ್ಟು ದಪ್ಪ" ಎನ್ನುವವರು ಈಗ ಬಹಳ. ಮುಖದಿಂದ 12 ಇಂಚು ದೂರದಲ್ಲಿ ಹಿಡಿದು ತೆಗೆದ ಸೆಲ್ಫಿಯಲ್ಲಿ ಮೂಗಿನ ಅಗಲ, ಐದು ಅಡಿ ದೂರದ ಫೋಟೊಕ್ಕೆ ಹೋಲಿಸಿದರೆ, ಸುಮಾರು ಶೇ 30ರಷ್ಟು ಹೆಚ್ಚಾಗಿ ಕಾಣುತ್ತದೆ ಎಂದು 2018ರಲ್ಲಿ ಅಮೆರಿಕದ ಸಂಶೋಧಕರು ಗಣಿತದ ಮಾದರಿಯಿಂದ ತೋರಿಸಿದರು. ಶಸ್ತ್ರಚಿಕಿತ್ಸೆಯ ಯೋಚನೆ ಸೆಲ್ಫಿಯಿಂದ ಹುಟ್ಟಿದ್ದರೆ, ಮೊದಲು ದೂರದಿಂದ ತೆಗೆದ ಒಂದು ಸರಿಯಾದ ಫೋಟೊ ನೋಡಿಕೊಳ್ಳಿ ಎಂದು ಮನಃಪೂರ್ವಕವಾಗಿ ಹೇಳುತ್ತೇನೆ.

ಹಂತ 5: ಮುಖದೊಡನೆ ಮೂಗನ್ನು ಅಳೆಯುವುದು

ಎದುರಿನ ಫೋಟೊದಲ್ಲಿ ಮೊದಲು ಹುಬ್ಬುಗಳ ನಡುವಿನಿಂದ ಗದ್ದದ ನಡುವಿಗೆ ಒಂದು ಗೆರೆ ಎಳೆಯುತ್ತಾರೆ. ಮೂಗು ಈ ಗೆರೆಯಿಂದ ಎಲ್ಲಿ ಸರಿಯುತ್ತದೆ ಎಂಬುದರಿಂದ ಸೊಟ್ಟತನ ಎಲುಬಿನದೋ, ನಡುಭಾಗದ ಮೃದ್ವಸ್ಥಿಯದೋ, ತುದಿಯದೋ ಎಂದು ಗೊತ್ತಾಗುತ್ತದೆ. ಬಹುತೇಕ ಎಲ್ಲರ ಮುಖದಲ್ಲೂ ಎಡ ಬಲಗಳು ಒಂದೇ ಸಮನಾಗಿರುವುದಿಲ್ಲ; ಈ ಅಸಮತೆಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಕನ್ನಡಿಯಲ್ಲಿ ತೋರಿಸಬೇಕು. ಆಮೇಲೆ ತೋರಿಸಿದರೆ ಅದು ನೆಪ ಹೇಳಿದಂತೆ ಕೇಳಿಸುತ್ತದೆ. ಮುಖದ ಅಗಲವನ್ನು ಐದು ಪಾಲು ಮಾಡಿದಾಗ ಹೊಳ್ಳೆಗಳ ಬುಡದ ಅಗಲ ನಡುವಿನ ಒಂದು ಪಾಲಿಗೆ, ಅಂದರೆ ಎರಡು ಕಣ್ಣುಗಳ ಒಳಮೂಲೆಗಳ ನಡುವಿನ ದೂರಕ್ಕೆ, ಸಮವಾಗಿರಬೇಕೆಂಬುದು ಪಠ್ಯಪುಸ್ತಕದ ಅಳತೆ.

ಪಕ್ಕದ ನೋಟದಲ್ಲಿ ಹಣೆಗೂ ಮೂಗಿಗೂ ನಡುವಿನ ಕೋನ 115ರಿಂದ 135 ಡಿಗ್ರಿ, ಮೂಗಿಗೂ ಮೇಲ್ದುಟಿಗೂ ನಡುವಿನ ಕೋನ ಗಂಡಸರಲ್ಲಿ 90ರಿಂದ 95, ಹೆಂಗಸರಲ್ಲಿ 95ರಿಂದ 110 ಡಿಗ್ರಿ ಎಂದು ಹೇಳುವುದು ರೂಢಿ. ಕೆನ್ನೆಯಿಂದ ತುದಿ ಎಷ್ಟು ಮುಂದೆ ಚಾಚಿದೆ ಎಂಬುದನ್ನು ಮೂಗಿನ ಉದ್ದದಿಂದ ಭಾಗಿಸಿದರೆ ಬರುವ ಗೂಡ್ ಅನುಪಾತ 0.55ರಿಂದ 0.60ರೊಳಗಿದ್ದರೆ ಸಮತೋಲವಿದೆ ಎನ್ನುತ್ತಾರೆ. ಕೆಳಗಿನ ನೋಟದಲ್ಲಿ ಮೂಗಿನ ತಳ ಸಮಭುಜ ತ್ರಿಕೋನಕ್ಕೆ ಹತ್ತಿರವಾಗಿರಬೇಕು.

ಇಲ್ಲಿ ಯೋಜನೆಯ ದಿಕ್ಕನ್ನೇ ಬದಲಿಸುವ ಎರಡು ಸಂಗತಿಗಳಿವೆ. ಮೂಗಿನ ಬುಡ, ಕಣ್ಣುಗಳ ನಡುವೆ, ತುಂಬ ತಗ್ಗಿನಲ್ಲಿದ್ದರೆ ಅದರ ಕೆಳಗಿನ ಸಣ್ಣ ಉಬ್ಬೂ ದೊಡ್ಡದಾಗಿ ಕಾಣುತ್ತದೆ. ಆಗ ಉಬ್ಬನ್ನು ಕೆತ್ತುವ ಬದಲು ಬುಡವನ್ನು ಒಂದೆರಡು ಮಿಲಿಮೀಟರ್ ಎತ್ತರಿಸಿದರೆ ಸಾಕಾಗಬಹುದು. ಹಾಗೆಯೇ ಗದ್ದ ಹಿಂದಕ್ಕೆ ಸರಿದಿದ್ದರೆ ಸಾಧಾರಣ ಮೂಗೂ ಮುಂದೆ ಚಾಚಿದಂತೆ ತೋರುತ್ತದೆ. ತಿದ್ದಬೇಕಾದದ್ದು ಗದ್ದವೇ ಆಗಿರಬಹುದು. ಮೂಗನ್ನಷ್ಟೇ ನೋಡುವ ಯೋಜನೆ ಇಂಥ ಕಡೆ ಎಡವುತ್ತದೆ.

ಮೇಲೆ ಹೇಳಿದ ಅಳತೆಗಳು ಹೆಚ್ಚಾಗಿ ಐರೋಪ್ಯ ಮುಖಗಳ ಅಧ್ಯಯನದಿಂದ ಬಂದವು ಎಂಬುದನ್ನು ಒತ್ತಿ ಹೇಳಬೇಕಾಗಿದೆ. ನಮ್ಮವರಲ್ಲಿ ಹೊಳ್ಳೆಗಳ ಬುಡ ಕಣ್ಣುಗಳ ಒಳಮೂಲೆಗಳ ದೂರಕ್ಕಿಂತ ಸ್ವಲ್ಪ ಅಗಲವಾಗಿರುವುದು ಸಹಜ. ಅದನ್ನು ದೋಷವೆಂದು ಎಣಿಸಿ ಕತ್ತರಿಸಿದರೆ ಮುಖಕ್ಕೆ ಒಗ್ಗದ ಮೂಗು ಬರುತ್ತದೆ. ತಾಯಿಯ, ಅಜ್ಜಿಯ ಮುಖದ ಹೋಲಿಕೆ ಉಳಿಯಬೇಕೇ ಎಂದು ಕೇಳಿ, ಉಳಿಯಬೇಕು ಎಂಬ ಉತ್ತರ ಬಂದರೆ ಅದನ್ನು ಅಳತೆಗಳಷ್ಟೇ ಗಂಭೀರವಾಗಿ ಯೋಜನೆಯಲ್ಲಿ ಬರೆದುಕೊಳ್ಳಬೇಕು.

ಹಂತ 6: ಕಂಪ್ಯೂಟರ್ ಚಿತ್ರ ಮತ್ತು ಒಪ್ಪಂದ

ಫೋಟೊವನ್ನು ಕಂಪ್ಯೂಟರಿನಲ್ಲಿ ತಿದ್ದಿ, ಮುಂದೆ ಹೀಗೆ ಕಾಣಬಹುದು ಎಂದು ತೋರಿಸುವುದು ಈಗ ಸಾಮಾನ್ಯ. ರೋಗಿಯೂ ವೈದ್ಯರೂ ಒಂದೇ ಮೂಗನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಾರೆಯೇ ಎಂದು ಪರೀಕ್ಷಿಸಲು ಇದರಷ್ಟು ಉಪಯುಕ್ತವಾದದ್ದು ಬೇರೆ ಇಲ್ಲ. ಆದರೆ ಚಿತ್ರದಲ್ಲಿ ಚರ್ಮದ ದಪ್ಪವಿಲ್ಲ, ಗಾಯ ಮಾಯುವ ಬಗೆಯ ವ್ಯತ್ಯಾಸವಿಲ್ಲ. ವೈದ್ಯರು ತಾವು ನಿಜವಾಗಿ ಸಾಧಿಸಬಲ್ಲದ್ದಕ್ಕಿಂತ ಸ್ವಲ್ಪ ಕಡಿಮೆ ಬದಲಾವಣೆಯನ್ನೇ ಚಿತ್ರದಲ್ಲಿ ತೋರಿಸುವುದು ಪ್ರಾಮಾಣಿಕ ಕ್ರಮ. ಚಿತ್ರದಂತೆಯೇ ಬರುತ್ತದೆ ಎಂದು ವೈದ್ಯರು ಭರವಸೆ ಕೊಟ್ಟರೆ, ಬೇರೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಮುಂದುವರಿಯಬೇಡಿ.

ಹಂತ 7: ಶಸ್ತ್ರಚಿಕಿತ್ಸೆಯ ನಕ್ಷೆ

ಇಲ್ಲಿಯವರೆಗೆ ಸಂಗ್ರಹಿಸಿದ್ದನ್ನೆಲ್ಲ ಈಗ ಕ್ರಮವಾದ ಕೆಲಸಗಳ ಪಟ್ಟಿಯಾಗಿ ಬರೆಯುತ್ತಾರೆ. ಮೊದಲ ತೀರ್ಮಾನ ದಾರಿಯದು. ಮೂಗಿನ ಒಳಗಿನಿಂದಲೇ ಮಾಡುವ ಮುಚ್ಚಿದ ವಿಧಾನದಲ್ಲಿ ಹೊರಗೆ ಗಾಯವಿಲ್ಲ, ಊತ ಕಡಿಮೆ; ಅಮೆರಿಕದ ಜಾನ್ ಆರ್ಲ್ಯಾಂಡೊ ರೋ 1887ರಲ್ಲಿಯೇ ಒಳಗಿನಿಂದ ತುದಿ ತಿದ್ದಿದ್ದನ್ನು ವರದಿ ಮಾಡಿದ್ದರು. ಎರಡು ಹೊಳ್ಳೆಗಳ ನಡುವಿನ ಪುಟ್ಟ ಕಂಬದ ಚರ್ಮದಲ್ಲಿ ಸಣ್ಣ ಗಾಯ ಮಾಡಿ ಚರ್ಮವನ್ನು ಎತ್ತುವ ತೆರೆದ ವಿಧಾನದಲ್ಲಿ ಚೌಕಟ್ಟೆಲ್ಲ ಕಣ್ಣೆದುರಿಗೆ ಕಾಣುತ್ತದೆ. ಸೊಟ್ಟ ಮೂಗು, ಎರಡನೆಯ ಬಾರಿಯ ಶಸ್ತ್ರಚಿಕಿತ್ಸೆ, ತುದಿಗೆ ಹೆಚ್ಚಿನ ಆಧಾರ ಬೇಕಾದ ದಪ್ಪ ಚರ್ಮದ ಮೂಗು, ಇವುಗಳಿಗೆ ತೆರೆದ ವಿಧಾನ ಹೆಚ್ಚು ಸುರಕ್ಷಿತವೆಂಬುದು ನನ್ನ ಅಭಿಪ್ರಾಯ. ಆ ಸಣ್ಣ ಕಲೆ ಬಹುತೇಕರಲ್ಲಿ ಕಾಲಕ್ರಮೇಣ ಮಸುಕಾಗುತ್ತದೆ.

ಎರಡನೆಯದು ಏಣು. ಉಬ್ಬಿನಲ್ಲಿ ಎಲುಬು ಎಷ್ಟು, ಮೃದ್ವಸ್ಥಿ ಎಷ್ಟು ಎಂದು ಬಿಡಿಸಿ ನೋಡಬೇಕು. ಸಾಂಪ್ರದಾಯಿಕ ಕ್ರಮದಲ್ಲಿ ನಡುಗೋಡೆಯ ಮೇಲಂಚನ್ನೂ ಎಲುಬಿನ ಉಬ್ಬನ್ನೂ ಬೇರೆ ಬೇರೆಯಾಗಿ, ಸ್ವಲ್ಪ ಸ್ವಲ್ಪವಾಗಿ ತಗ್ಗಿಸುತ್ತಾರೆ. ಆಗ ಮೇಲೆ ತೆರೆದುಕೊಳ್ಳುವ ಸಂದನ್ನು ಮುಚ್ಚಲು ಪಕ್ಕದ ಎಲುಬುಗಳನ್ನು ಕತ್ತರಿಸಿ ಒಳಕ್ಕೆ ಸರಿಸಬೇಕು. ಮೂಗಿನ ಎಲುಬು ಗಿಡ್ಡವಾಗಿರುವವರಲ್ಲಿ ಹೀಗೆ ಸರಿಸಿದ ಮೇಲೆ ನಡುಭಾಗ ಕುಸಿದು, ತಲೆಕೆಳಗಾದ ಇಂಗ್ಲಿಷ್ ವಿ ಅಕ್ಷರದಂತಹ ನೆರಳು ಮೂಡುವ ಅಪಾಯವಿದೆ. ಸ್ಪ್ರೆಡರ್ ಗ್ರಾಫ್ಟ್ ಇಂಥವರಿಗೆ ಅನಿವಾರ್ಯ. ಇನ್ನೊಂದು ಕ್ರಮದಲ್ಲಿ ಏಣಿನ ಮೇಲ್ಮೈಯನ್ನು ಮುಟ್ಟದೆ, ಅದರ ಅಡಿಯ ನಡುಗೋಡೆಯಲ್ಲಿ ಒಂದು ಪಟ್ಟಿಯನ್ನು ತೆಗೆದು, ಇಡೀ ಏಣನ್ನು ಹಾಗೆಯೇ ಕೆಳಕ್ಕೆ ಇಳಿಸುತ್ತಾರೆ. ನೂರು ವರ್ಷಕ್ಕೂ ಹಿಂದಿನ ಈ ಆಲೋಚನೆ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಬಳಕೆಗೆ ಬಂದಿದೆ. ನೇರವಾದ, ಉಬ್ಬು ಹೆಚ್ಚು ದೊಡ್ಡದಲ್ಲದ ಮೂಗಿಗೆ ಇದು ಚೆನ್ನಾಗಿ ಹೊಂದುತ್ತದೆ. ಪೆಟ್ಟು ಬಿದ್ದು ಸೊಟ್ಟಗಾದ ಮೂಗಿಗೆ ಅಷ್ಟಾಗಿ ಹೊಂದುವುದಿಲ್ಲ. ಎಲುಬನ್ನು ಶ್ರವಣಾತೀತ ಕಂಪನದಿಂದ ಕತ್ತರಿಸುವ ಪಿಯೆಜೊ ಉಪಕರಣದಿಂದ ಸುತ್ತಲಿನ ಮೃದು ಅಂಗಾಂಶಕ್ಕೆ ಆಗುವ ಪೆಟ್ಟು ಕಡಿಮೆ, ಆದರೆ ಉಪಕರಣ ಹೊಸದು ಎಂಬುದರಿಂದ ಯೋಜನೆಯ ತಪ್ಪು ಮುಚ್ಚಿಹೋಗುವುದಿಲ್ಲ.

ಮೂರನೆಯದು ನಡುಗೋಡೆ, ನನಗೆ ಇಡೀ ಯೋಜನೆಯ ಹೃದಯವಾಗಿ ಕಾಣುವ ಭಾಗ. ಬಾಗನ್ನು ಸರಿಪಡಿಸಲು ಮತ್ತು ಕಸಿಗೆ ಬೇಕಾದ ಮೃದ್ವಸ್ಥಿಗಾಗಿ ಇದರ ನಡುಭಾಗವನ್ನು ತೆಗೆಯುತ್ತಾರೆ. ಆದರೆ ಮೇಲಂಚಿನಲ್ಲಿಯೂ ಮುಂದಂಚಿನಲ್ಲಿಯೂ ಇಂಗ್ಲಿಷ್ ಎಲ್ ಅಕ್ಷರದ ಆಕಾರದಲ್ಲಿ ಕನಿಷ್ಠ 10 ಮಿಲಿಮೀಟರ್ ಅಗಲದ ಪಟ್ಟಿ ಉಳಿಯಲೇಬೇಕು. ಅನೇಕರು 15 ಮಿಲಿಮೀಟರ್ ಉಳಿಸುತ್ತಾರೆ. ಈ ಪಟ್ಟಿ ಎಲುಬಿಗೆ ಕೂಡಿಕೊಳ್ಳುವ ಜಾಗವನ್ನು ಸಡಿಲ ಮಾಡಿದರೆ ಏಣು ಕುಸಿದು ಕುದುರೆಯ ಜೀನಿನಂತೆ ತಗ್ಗಾಗುತ್ತದೆ. ಎಷ್ಟು ಮೃದ್ವಸ್ಥಿ ಬೇಕಾಗಬಹುದು ಎಂಬುದನ್ನು ಮೊದಲೇ ಅಂದಾಜು ಮಾಡಿದರೆ ಮಾತ್ರ ನಡುಗೋಡೆಯ ಮೃದ್ವಸ್ಥಿ ಸಾಲುತ್ತದೆಯೇ ಎಂದು ಹೇಳಬಹುದು. ಕಿವಿಯ ಮೃದ್ವಸ್ಥಿ ಬಾಗಿದ್ದು ಮೆತ್ತಗಿರುವುದರಿಂದ ತುದಿಯ ಸಣ್ಣ ಕೆಲಸಗಳಿಗೆ ಒಳ್ಳೆಯದು, ಭಾರ ಹೊರುವ ಕಂಬಕ್ಕೆ ಅಲ್ಲ. ಪಕ್ಕೆಲುಬಿನಲ್ಲಿ ಬೇಕಾದಷ್ಟು ಸಿಗುತ್ತದೆ, ಆದರೆ ಎದೆಯ ಮೇಲೆ ಗಾಯವಾಗುತ್ತದೆ, ಕಸಿ ಮಾಡಿದ ತುಂಡು ಕಾಲಾನಂತರ ಬಾಗುವ ಸಾಧ್ಯತೆ ಇದೆ, ವಯಸ್ಸಾದವರಲ್ಲಿ ಅದು ಸುಣ್ಣಗಟ್ಟಿ ಗಡುಸಾಗಿರುತ್ತದೆ. ತಗ್ಗಾದ ಏಣನ್ನು ಎತ್ತರಿಸಲು ಸಿಲಿಕೋನ್ ಬಳಸುವವರಿದ್ದಾರೆ. ಸೋಂಕು ತಗುಲುವ, ವರ್ಷಗಳ ಮೇಲೆ ಚರ್ಮ ತೆಳುವಾಗಿ ಹೊರಬರುವ ಅಪಾಯ ಅದಕ್ಕಿರುವುದರಿಂದ ರೋಗಿಯ ಸ್ವಂತ ಮೃದ್ವಸ್ಥಿಯೇ ಮೊದಲ ಆಯ್ಕೆಯಾಗಬೇಕೆಂದು ನಾನು ನಂಬುತ್ತೇನೆ.

ನಾಲ್ಕನೆಯದು ತುದಿ. ತುದಿಯ ಎರಡು ಮೃದ್ವಸ್ಥಿಗಳನ್ನು ಮುಕ್ಕಾಲಿಯಾಗಿ ಕಲ್ಪಿಸಿಕೊಳ್ಳಬೇಕೆಂದು ಜ್ಯಾಕ್ ಆ್ಯಂಡರ್ಸನ್ 1969ರಲ್ಲಿ ಸೂಚಿಸಿದರು: ಎರಡೂ ಬದಿಗೆ ಒಂದೊಂದು ಕಾಲು, ನಡುವೆ ಕೂಡಿಕೊಂಡ ಮೂರನೆಯ ಕಾಲು. ನಡುಗಾಲನ್ನು ಬಲಪಡಿಸಿದರೆ ತುದಿ ಮುಂದೆ ಬರುತ್ತದೆ. ಪಕ್ಕದ ಕಾಲುಗಳನ್ನು ಗಿಡ್ಡ ಮಾಡಿದರೆ ಮೇಲೇಳುತ್ತದೆ. ಈ ಲೆಕ್ಕದಿಂದ ಯಾವ ಹೊಲಿಗೆ ಎಲ್ಲಿ ಹಾಕಿದರೆ ತುದಿ ಯಾವ ಕಡೆಗೆ ಸರಿಯುತ್ತದೆ ಎಂದು ಮೊದಲೇ ಊಹಿಸಬಹುದು. ತುದಿಯನ್ನು ಸಣ್ಣದಾಗಿಸಲು ಪಕ್ಕದ ಮೃದ್ವಸ್ಥಿಯ ಮೇಲಂಚನ್ನು ಕತ್ತರಿಸುವ ಕ್ರಮದಲ್ಲಿಯೂ ಕನಿಷ್ಠ 6 ಮಿಲಿಮೀಟರ್ ಅಗಲ ಉಳಿಯಬೇಕು. ಇಲ್ಲದಿದ್ದರೆ ದೀರ್ಘವಾಗಿ ಉಸಿರೆಳೆದಾಗ ಹೊಳ್ಳೆಗಳು ಒಳಕ್ಕೆ ಅಂಟಿಕೊಳ್ಳುತ್ತವೆ. ಊತ ಇಳಿದಂತೆ ತುದಿ ಸ್ವಲ್ಪ ಕೆಳಗಿಳಿಯುವುದರಿಂದ, ಹೊಳ್ಳೆಗಳ ನಡುವೆ ಮೃದ್ವಸ್ಥಿಯ ಕಂಬವನ್ನು ನಿಲ್ಲಿಸುವುದೋ, ನಡುಗೋಡೆಯನ್ನೇ ಮುಂದಕ್ಕೆ ವಿಸ್ತರಿಸುವ ಕಸಿ ಹಾಕುವುದೋ ಎಂಬ ತೀರ್ಮಾನವೂ ಇಲ್ಲಿಯೇ ಆಗುತ್ತದೆ.

ಹೊಳ್ಳೆಗಳ ಬುಡದ ತೀರ್ಮಾನವನ್ನು ಕೊನೆಗೆ, ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಉಳಿದೆಲ್ಲ ಮುಗಿದ ಮೇಲೆ ಮಾಡುವುದು ಕ್ಷೇಮ. ತುದಿ ಮುಂದೆ ಬಂದಾಗ ಹೊಳ್ಳೆಗಳು ತಾವಾಗಿಯೇ ಕಿರಿದಾಗುತ್ತವೆ. ಸಂದೇಹವಿದ್ದರೆ ಅಂದು ಬಿಟ್ಟು, ತಿಂಗಳುಗಳ ಅನಂತರ ಸ್ಥಳೀಯ ಅರಿವಳಿಕೆಯಲ್ಲಿ ಮಾಡಬಹುದು.

ಹಂತ 8: ದೇಹದ ಸಿದ್ಧತೆ

ರಕ್ತದೊತ್ತಡ, ಮಧುಮೇಹ, ರಕ್ತ ಹೆಪ್ಪುಗಟ್ಟುವಿಕೆ, ಹಿಂದಿನ ಅರಿವಳಿಕೆಯ ಅನುಭವ ಇವುಗಳ ವಿಚಾರಣೆ ಎಲ್ಲ ಶಸ್ತ್ರಚಿಕಿತ್ಸೆಗಳಂತೆ ಇಲ್ಲಿಯೂ ಇದೆ. ಆ್ಯಸ್ಪಿರಿನ್, ಐಬುಪ್ರೊಫೆನ್, ಮೀನೆಣ್ಣೆ, ವಿಟಮಿನ್ ಇ ಮಾತ್ರೆಗಳನ್ನು ಸಾಮಾನ್ಯವಾಗಿ ಎರಡು ವಾರ ಮೊದಲು ನಿಲ್ಲಿಸಲು ಹೇಳುತ್ತಾರೆ. ಹೃದಯದ ಕಾರಣಕ್ಕೆ ಆ್ಯಸ್ಪಿರಿನ್ ತೆಗೆದುಕೊಳ್ಳುವವರು ಹೃದ್ರೋಗ ತಜ್ಞರನ್ನು ಕೇಳದೆ ನಿಲ್ಲಿಸಬಾರದು. ಮನೆಯಲ್ಲಿ ಸೇವಿಸುವ ಆಯುರ್ವೇದದ ಔಷಧಿಗಳನ್ನೂ ಮರೆಯದೆ ಹೇಳಬೇಕು. ಧೂಮಪಾನ ಕನಿಷ್ಠ ನಾಲ್ಕು ವಾರ ಮೊದಲೇ ನಿಲ್ಲಬೇಕು, ಏಕೆಂದರೆ ಅದು ಚರ್ಮದ ರಕ್ತಸಂಚಾರವನ್ನು ಕುಗ್ಗಿಸುತ್ತದೆ. ಮೂಗುಬಟ್ಟನ್ನು ಮೊದಲೇ ತೆಗೆದಿಡಬೇಕು. ಎಲುಬು ಕತ್ತರಿಸಿದ ಮೂಗಿನ ಮೇಲೆ ನಾಲ್ಕರಿಂದ ಆರು ವಾರ ಕನ್ನಡಕದ ಭಾರ ಬೀಳಬಾರದು ಎಂಬುದರಿಂದ, ಕನ್ನಡಕ ಹಾಕುವವರು ಕಾಂಟ್ಯಾಕ್ಟ್ ಲೆನ್ಸ್ ಅಥವಾ ಬೇರೆ ವ್ಯವಸ್ಥೆ ಮಾಡಿಕೊಂಡಿರಬೇಕು. ಮದುವೆ, ಗೃಹಪ್ರವೇಶ, ಪರೀಕ್ಷೆಗಳು ಹತ್ತಿರವಿದ್ದರೆ ದಿನಾಂಕ ಮುಂದೂಡುವುದು ಉತ್ತಮ.

ಹಂತ 9: ಬರೆದಿಟ್ಟ ಒಪ್ಪಿಗೆ

ಒಪ್ಪಿಗೆ ಪತ್ರದಲ್ಲಿ ರಕ್ತಸ್ರಾವ, ಸೋಂಕು, ಉಸಿರಾಟದ ತೊಂದರೆ, ನಡುಗೋಡೆಯಲ್ಲಿ ರಂಧ್ರ, ತುದಿಯ ಮರಗಟ್ಟುವಿಕೆ, ಅಸಮತೆ ಉಳಿಯುವುದು ಇವೆಲ್ಲ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಎಷ್ಟು ನುರಿತ ಕೈಯಿದ್ದರೂ ಸಾಮಾನ್ಯವಾಗಿ ನೂರರಲ್ಲಿ ಐದರಿಂದ ಹದಿನೈದು ಮಂದಿಗೆ ಇನ್ನೊಮ್ಮೆ ತಿದ್ದುವ ಅಗತ್ಯ ಬೀಳುತ್ತದೆಂದು ತಜ್ಞರು ಒಪ್ಪುತ್ತಾರೆ. ಆ ಎರಡನೆಯ ಬಾರಿಯ ಖರ್ಚು ಯಾರದು ಎಂಬುದನ್ನೂ ಮೊದಲೇ ಕೇಳಿಕೊಳ್ಳಿ. ಸೌಂದರ್ಯದ ಕಾರಣಕ್ಕಾಗಿ ಮಾಡುವ ಭಾಗಕ್ಕೆ ಆರೋಗ್ಯ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಉಸಿರಾಟಕ್ಕಾಗಿ ಮಾಡುವ ಸೆಪ್ಟಂ ಚಿಕಿತ್ಸೆಗೆ ಸಿಗುವುದೇ ಎಂದು ಪಾಲಿಸಿ ನೋಡಿ ತಿಳಿಯಬೇಕು. ಪ್ಲಾಸ್ಟಿಕ್ ಸರ್ಜನ್ ಆಗಲಿ ಕಿವಿ-ಮೂಗು-ಗಂಟಲು ತಜ್ಞರಾಗಲಿ, ಮೂಗಿನ ಕೆಲಸದಲ್ಲಿ ವಿಶೇಷ ತರಬೇತಿ ಪಡೆದವರಾಗಿರಬೇಕು. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಕೇಳುವುದರಲ್ಲಿ, ಆಸ್ಪತ್ರೆ ಕರ್ನಾಟಕದಲ್ಲಿದ್ದರೆ ಅದು ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯಡಿ ನೋಂದಾಯಿತವೇ ಎಂದು ನೋಡುವುದರಲ್ಲಿ ಸಂಕೋಚ ಬೇಡ.

ಹಂತ 10: ಆ ದಿನ ಮತ್ತು ಮುಂದಿನ ಒಂದು ವರ್ಷ

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ, ರೋಗಿ ಕುಳಿತಿರುವಾಗಲೇ ನಡುಗೆರೆಯನ್ನೂ ಏಣಿನ ಅಂಚುಗಳನ್ನೂ ಗುರುತು ಮಾಡುತ್ತಾರೆ. ಮಲಗಿದಾಗ ಮತ್ತು ಅರಿವಳಿಕೆಯ ಚುಚ್ಚುಮದ್ದಿನಿಂದ ಊದಿದಾಗ ಈ ಗೆರೆಗಳು ಸರಿಯಾಗಿ ಕಾಣುವುದಿಲ್ಲ. ಫೋಟೊಗಳು ಗೋಡೆಯ ಮೇಲೋ ಪರದೆಯ ಮೇಲೋ ಎದುರಿಗಿರಬೇಕು. ಮೂಗಿನ ರೇಖಾಚಿತ್ರದ ಮೇಲೆ ಯೋಜಿಸಿದ ಪ್ರತಿ ಕೆಲಸವನ್ನೂ ಗುರುತಿಸುವ ಪದ್ಧತಿಯನ್ನು ಅಮೆರಿಕದ ಜ್ಯಾಕ್ ಗುಂಟರ್ ಬಳಕೆಗೆ ತಂದರು. ಮೇಜಿನ ಮೇಲೆ ಯೋಜನೆ ಬದಲಾದರೆ ಆ ಬದಲಾವಣೆಯನ್ನೂ ಅದೇ ಚಿತ್ರದಲ್ಲಿ ಬರೆದಿಡುತ್ತಾರೆ.

ಮೂಗನ್ನು ಅಲುಗದಂತೆ ಹಿಡಿಯಲು ಹೊರಗೆ ಕೂರಿಸುವ ಗಟ್ಟಿ ಕವಚವನ್ನು, ಅಂದರೆ ಸ್ಪ್ಲಿಂಟನ್ನು, ಸುಮಾರು ಒಂದು ವಾರಕ್ಕೆ ತೆಗೆಯುತ್ತಾರೆ, ಕಣ್ಣಿನ ಸುತ್ತಲ ಕಪ್ಪು ಎರಡು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುತ್ತದೆ. ಆದರೆ ತುದಿಯ ಊತ ಪೂರ್ತಿ ಇಳಿಯಲು ಒಂದು ವರ್ಷ ಬೇಕು. ದಪ್ಪ ಚರ್ಮದವರಲ್ಲಿ ಇನ್ನೂ ಹೆಚ್ಚು. ಅದಕ್ಕಾಗಿಯೇ ಒಂದು, ಮೂರು, ಆರು ಮತ್ತು ಹನ್ನೆರಡನೆಯ ತಿಂಗಳಿನಲ್ಲಿ ಮೊದಲಿನ ಕೋನಗಳಲ್ಲಿಯೇ ಫೋಟೊ ತೆಗೆದು ಹೋಲಿಸಬೇಕು. ತುರ್ತಿನ ತೊಂದರೆ ಇಲ್ಲದಿದ್ದರೆ ವರ್ಷ ತುಂಬುವ ಮೊದಲು ಮತ್ತೆ ಕತ್ತಿ ಮುಟ್ಟಬಾರದು. ಬಿಡುಗಡೆಯ ದಿನ ಬಿಲ್ಲಿನ ಜೊತೆಗೆ ಶಸ್ತ್ರಚಿಕಿತ್ಸೆಯ ಟಿಪ್ಪಣಿಯ ಪ್ರತಿಯನ್ನೂ ಆ ರೇಖಾಚಿತ್ರವನ್ನೂ ಕೇಳಿ ಪಡೆಯಿರಿ. ಎಂದಾದರೂ ಬೇರೊಬ್ಬ ವೈದ್ಯರು ಆ ಮೂಗನ್ನು ತೆರೆಯಬೇಕಾಗಿ ಬಂದರೆ, ಎಲ್ಲಿಂದ ಮೃದ್ವಸ್ಥಿ ತೆಗೆಯಲಾಗಿದೆ, ಎಷ್ಟು ಉಳಿದಿದೆ ಎಂಬುದು ಅವರಿಗೆ ಆ ಕಾಗದದಿಂದಲೇ ತಿಳಿಯಬೇಕು.